ಕಚೇರಿಯ ವಿನ್ಯಾಸ ಮತ್ತು ಮನುಷ್ಯನ ಸ್ವಭಾವ

ಆರೋಗ್ಯವನ್ನು ಕುರಿತ ಲೇಖನಗಳಲ್ಲಿ ಅನ್ನ, ಉಪ್ಪು, ಸಕ್ಕರೆ, ಎಣ್ಣೆಗಳ ವಿಚಾರ ಧಾರಾಳವಾಗಿ ಬರುತ್ತದೆ. ವ್ಯಾಯಾಮ, ಪ್ರಾಣಾಯಾಮ, ನಿದ್ರೆಗಳ ವಿಚಾರವೂ ಬರುತ್ತದೆ. ಆದರೆ ಮುಂಬಯಿಯ ನೌಕರನು ದಿನದ ಎಂಟು ಒಂಬತ್ತು ತಾಸುಗಳನ್ನು ಕಳೆಯುವ ಕುರ್ಚಿ, ಅದರ ಮುಂದಿನ ಮೇಜು, ಮೇಜಿನ ಮೇಲೆ ಬೀಳುವ ಬೆಳಕು, ಬೆನ್ನ ಹಿಂದೆ ನಡೆಯುವ ಗದ್ದಲ ಇವುಗಳ ವಿಚಾರ ಬರುವುದು ಅಪರೂಪ. ಮನೆಯಲ್ಲಿ ಕಪಾಟು ಎಲ್ಲಿರಬೇಕು, ಮಂಚ ಯಾವ ಗೋಡೆಗೆ ತಗಲಿರಬೇಕು ಎಂಬುದನ್ನು ಮನೆಯವರೇ ನಿರ್ಧರಿಸುತ್ತಾರೆ. ಕಚೇರಿಯನ್ನು ಮಾತ್ರ ಅಲ್ಲಿ ಎಂದೂ ಕುಳಿತುಕೊಳ್ಳದವರು ಬೇರೆಲ್ಲಿಯೋ ಕುಳಿತು ನಕ್ಷೆಯ ಮೇಲೆ ಜೋಡಿಸಿರುತ್ತಾರೆ. ಅಲ್ಲಿಗೆ ಬರುವವನು ಮಾತುಗಾರನೇ, ಮಿತಭಾಷಿಯೇ, ಬೆಳಗಿನ ಹೊತ್ತು ಚುರುಕಾಗಿರುವವನೇ, ಮಧ್ಯಾಹ್ನದ ನಂತರ ಚುರುಕಾಗುವವನೇ ಎಂಬುದು ಆ ನಕ್ಷೆಗೆ ತಿಳಿದಿರುವುದಿಲ್ಲ. ಕೈಯ ಐದು ಬೆರಳುಗಳೇ ಸಮವಾಗಿಲ್ಲದಿರುವಾಗ ಇಪ್ಪತ್ತು ಮಂದಿಗೆ ಒಂದೇ ಅಳತೆಯ ಇಪ್ಪತ್ತು ಮೇಜುಗಳನ್ನು ಸಾಲಾಗಿ ಇಟ್ಟು, ಅದನ್ನೇ ವ್ಯವಸ್ಥೆ ಎಂದು ಕರೆಯುವುದು ರೂಢಿಯಾಗಿದೆ.

ಸಯನ್ ಎಂಬ ಹೆಸರು ಮರಾಠಿಯ ‘ಶೀವ್’ ಎಂಬ ಶಬ್ದದಿಂದ ಬಂದುದು. ಎಲ್ಲೆ, ಗಡಿ ಎಂದು ಅದರ ಅರ್ಥ. ಹಿಂದೆ ಮುಂಬಯಿ ದ್ವೀಪವು ಇಲ್ಲಿಗೆ ಮುಗಿದು ಆಚೆಗೆ ಸಾಲ್ಸೆಟ್ ಆರಂಭವಾಗುತ್ತಿತ್ತು. ಆ ಎಲ್ಲೆ ಅಳಿಸಿಹೋಗಿ ಎಷ್ಟೋ ಕಾಲವಾಯಿತು. ಈಗ ಒಂದು ಕಡೆ ಧಾರಾವಿ, ಇನ್ನೊಂದು ಕಡೆ ಮಾಟುಂಗ ಮತ್ತು ಕಿಂಗ್ಸ್ ಸರ್ಕಲ್, ನಡುವೆ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಜನಜಂಗುಳಿ, ಪೂರ್ವ ಹೆದ್ದಾರಿಯ ವಾಹನ ಪ್ರವಾಹ. ಇಲ್ಲಿಯ ಕಚೇರಿಗಳಲ್ಲಿ ಹೆಚ್ಚಿನವು ವಾಸದ ಕಟ್ಟಡಗಳ ನೆಲಮಹಡಿಯಲ್ಲಿ, ಕಚೇರಿಗೆಂದು ಕಟ್ಟದ ಕೋಣೆಗಳಲ್ಲಿ ನಡೆಯುತ್ತವೆ. ಲೆಕ್ಕಪರಿಶೋಧಕರು, ವಿಮಾ ಪ್ರತಿನಿಧಿಗಳು, ವಕೀಲರು, ಬ್ಯಾಂಕ್ ಶಾಖೆಗಳು, ಎಲ್ಲರದೂ ಇದೇ ಸ್ಥಿತಿ. ಸಯನ್ನಿನಲ್ಲಿ ವೇಗದ ಲೋಕಲ್ ಗಾಡಿ ನಿಲ್ಲದ ಕಾರಣ ದೂರದಿಂದ ಬರುವವನು ಕುರ್ಲಾದಲ್ಲಿಯೋ ದಾದರಿನಲ್ಲಿಯೋ ಇಳಿದು ನಿಧಾನದ ಗಾಡಿ ಹಿಡಿಯಬೇಕು. ಹೀಗೆ ಎರಡು ಗಾಡಿಗಳ ನೂಕುನುಗ್ಗಲನ್ನು ದಾಟಿ ಬಂದವನಿಗೆ ಕಚೇರಿಯ ಬಾಗಿಲಲ್ಲಿ ಮತ್ತೊಂದು ನೂಕುನುಗ್ಗಲು ಕಾದಿರುತ್ತದೆ.

ಒಂದು ಶಾಖೆ, ಹಲವು ಪ್ರಕೃತಿ

ವಿಷಯವನ್ನು ಪರಿಶೀಲಿಸಲು ಬ್ಯಾಂಕ್ ಶಾಖೆಯೇ ಒಳ್ಳೆಯ ಉದಾಹರಣೆ. ಎಲ್ಲ ವಾಚಕರೂ ಅಲ್ಲಿಗೆ ಹೋಗಿರುತ್ತಾರೆ. ಅಲ್ಲದೆ ಮುಂಬಯಿ ಕನ್ನಡಿಗರ ಬದುಕಿಗೂ ಬ್ಯಾಂಕಿಗೂ ಇರುವ ನಂಟು ಹಳೆಯದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆಯೂ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಸ್ಥಾಪಿತವಾದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕಿನ ಗುಮಾಸ್ತನಾಗಿ ಸೇರಿ ಅಧಿಕಾರಿಯಾಗಿ ನಿವೃತ್ತರಾದವರು ಮಾಟುಂಗ, ಸಯನ್, ವಡಾಲದ ಅನೇಕ ಮನೆಗಳಲ್ಲಿ ಸಿಗುತ್ತಾರೆ.

ಹೆದ್ದಾರಿಯ ಬದಿಯಲ್ಲಿ 1,200 ಚದರ ಅಡಿಯ ಒಂದು ಶಾಖೆಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಮೊದಲು ಕಣ್ಣಿಗೆ ಬೀಳುವವನು ನಗದು ಗುಮಾಸ್ತ. ಹಿಂದಿನ ಕಾಲದಲ್ಲಿ ಅವನು ಕಂಬಿಗಳ ಪಂಜರದೊಳಗೆ ಕುಳಿತು ಹಿತ್ತಾಳೆಯ ಟೋಕನ್‌ಗಳ ಸಂಖ್ಯೆಯನ್ನು ಕೂಗುತ್ತಿದ್ದನು. ಈಗ ಕಂಬಿಯ ಬದಲು ಗಾಜು ಬಂದಿದೆ, ಎಣಿಸುವ ಯಂತ್ರ ಬಂದಿದೆ. ಆದರೆ ಅವನ ಏಕಾಂತವು ಹಾಗೆಯೇ ಉಳಿದಿದೆ. ಸ್ವಭಾವತಃ ಮಿತಭಾಷಿಯಾದವನಿಗೆ ಈ ಗೂಡು ಆಶ್ರಯದಂತಿರುತ್ತದೆ. ನಾಲ್ಕು ಜನರೊಡನೆ ಬೆರೆತರೆ ಮಾತ್ರ ಉತ್ಸಾಹ ಬರುವಂಥವನನ್ನು ಅಲ್ಲಿ ವರ್ಷವಿಡೀ ಕೂರಿಸಿದರೆ ಅವನು ಸಣ್ಣಪುಟ್ಟ ಕಾರಣಕ್ಕೆ ಗ್ರಾಹಕರ ಮೇಲೆ ರೇಗತೊಡಗುತ್ತಾನೆ. ಜನರು ಅದನ್ನು ಅವನ ದರ್ಪವೆಂದು ತಿಳಿಯುತ್ತಾರೆ.

ಎರಡನೆಯವನು ವೋಚರುಗಳನ್ನು ಪರಿಶೀಲಿಸಿ ಪಾಸು ಮಾಡುವ ಅಧಿಕಾರಿ. ಅವನ ಕೆಲಸಕ್ಕೆ ಬೇಕಾದುದು ಅಡೆತಡೆಯಿಲ್ಲದ ಹತ್ತು ನಿಮಿಷಗಳ ಒಂದೊಂದು ಕಂತು. ಸಿಗುವುದಾದರೋ ನಡುಹಾಲಿನ ಮೇಜು, ಎಡಕ್ಕೆ ಪ್ರಿಂಟರ್, ಬಲಕ್ಕೆ ಪಾಸ್‌ಪುಸ್ತಕದ ಸಾಲು. ಲೆಡ್ಜರ್ ಬರೆಯುತ್ತಿದ್ದ ಕಾಲದ ಗುಮಾಸ್ತರಿಗೆ ಒಂದು ಸೂತ್ರ ಬಾಯಿಪಾಠವಾಗಿತ್ತು. ದಿನದ ಕೊನೆಗೆ ಲೆಕ್ಕ ತಾಳೆಯಾಗದೆ ಉಳಿದ ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾಗುವಂತಿದ್ದರೆ, ಎಲ್ಲಿಯೋ ಎರಡು ಅಂಕಿಗಳು ಹಿಂದುಮುಂದಾಗಿವೆ ಎಂದು ಅವರು ಶಂಕಿಸುತ್ತಿದ್ದರು. 5,463 ಎಂದು ಬರೆಯುವಲ್ಲಿ 5,643 ಎಂದು ಬರೆದರೆ ವ್ಯತ್ಯಾಸ 180. ಅದು 9ರ ಇಪ್ಪತ್ತು ಪಟ್ಟು. ಇಂಥ ತಪ್ಪು ಅಜ್ಞಾನದಿಂದ ಆಗುವುದಿಲ್ಲ. ಅಂಕಿಯನ್ನು ಓದುವುದಕ್ಕೂ ಬರೆಯುವುದಕ್ಕೂ ನಡುವೆ ಯಾರೋ ಹೆಗಲು ತಟ್ಟಿದಾಗ ಆಗುತ್ತದೆ.

1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಿಗೆ ಯಂತ್ರಗಳು ಬಂದವು. ಕೂಡುವ ಕೆಲಸವನ್ನು ಅವು ವಹಿಸಿಕೊಂಡವು. ಆದರೂ ಅಂಕಿಯನ್ನು ಯಂತ್ರಕ್ಕೆ ಉಣಿಸುವವನು ಮನುಷ್ಯನೇ. ನೆಫ್ಟ್, ಆರ್‌ಟಿಜಿಎಸ್ ರವಾನೆಗಳಲ್ಲಿ ಹಣವು ಜಮೆಯಾಗುವುದು ಖಾತೆಯ ಸಂಖ್ಯೆಯನ್ನು ಆಧರಿಸಿಯೇ ಹೊರತು ಹೆಸರನ್ನು ಆಧರಿಸಿ ಅಲ್ಲ. ಪಡೆಯುವವರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯ 2025ರಲ್ಲಿ ಬಂದಿದೆ ನಿಜ. ಆದರೆ ಅದನ್ನು ಓದಬೇಕಾದವನ ಗಮನ ಅದೇ ಕ್ಷಣದಲ್ಲಿ ಬೇರೆಡೆಗೆ ಸೆಳೆಯಲ್ಪಟ್ಟರೆ ಆಸ್ಪತ್ರೆಯ ಬಿಲ್ಲಿಗೆ ಹೋಗಬೇಕಾದ ಹಣ ಯಾರದೋ ಖಾತೆಯನ್ನು ಸೇರೀತು. ಹೀಗಿರುವಾಗ ಮೇಜು ಎಲ್ಲಿದೆ ಎಂಬುದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೂರನೆಯವರು ಸಾಲ ವಿಭಾಗದ ಅಧಿಕಾರಿ. ಇವರ ಕೆಲಸ ಮಾತಿನದು. ಆದರೆ ಆ ಮಾತು ಇತರರ ಕಿವಿಗೆ ಬೀಳಬಾರದು. ಮೂರು ಕಂತು ಕಟ್ಟಲಾಗಲಿಲ್ಲವೆಂದು, ಅಂಗಡಿ ನಷ್ಟದಲ್ಲಿದೆಯೆಂದು, ಮಗಳ ಮದುವೆಗೆ ಒಡವೆಯನ್ನು ಅಡವಿಡಬೇಕಾಗಿದೆಯೆಂದು ಒಬ್ಬ ಗೃಹಸ್ಥನು ತೆರೆದ ಹಾಲಿನಲ್ಲಿ, ಅದೇ ಕಟ್ಟಡದ ನೆರೆಹೊರೆಯವರು ಸಾಲಿನಲ್ಲಿ ನಿಂತಿರುವಾಗ ಹೇಗೆ ಹೇಳಬಲ್ಲನು? ಒಂದೋ ಅವನು ಸುಳ್ಳು ಹೇಳುತ್ತಾನೆ, ಇಲ್ಲವೇ ಎದ್ದು ಹೋಗಿ ಬಡ್ಡಿ ವ್ಯಾಪಾರಿಯ ಬಾಗಿಲು ತಟ್ಟುತ್ತಾನೆ.

ಇನ್ನೊಬ್ಬನನ್ನು ನಕ್ಷೆ ಬರೆಯುವವರು ಯಾವಾಗಲೂ ಮರೆಯುತ್ತಾರೆ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನವೂ ಪುಡಿಗಾಸನ್ನು ಸಂಗ್ರಹಿಸುವ ಯೋಜನೆ. ಇಂದಿಗೂ ಸಹಕಾರಿ ಸಂಘಗಳಲ್ಲಿ ಈ ಪದ್ಧತಿ ಜೀವಂತವಾಗಿದೆ. ಇದನ್ನು ನಡೆಸುವ ಏಜೆಂಟನು ಬೀದಿಯ ಮನುಷ್ಯ. ನೂರು ಜನರ ಹೆಸರು, ನೂರು ಮನೆಗಳ ಸುಖದುಃಖ ಅವನಿಗೆ ಗೊತ್ತು. ಸಂಜೆ ಕಾಲು ಸೋತು ಬಂದವನಿಗೆ ಕಚೇರಿಯಲ್ಲಿ ಕುಳಿತು ಹಣ ಎಣಿಸಲು ಒಂದು ಬೆಂಚೂ ಇರುವುದಿಲ್ಲ. ಕೌಂಟರಿನ ಮೂಲೆಗೆ ಆತು ನಿಂತು, ಚೀಲವನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಅವನು ಪಟ್ಟಿ ಬರೆಯುತ್ತಾನೆ.

ಮ್ಯಾನೇಜರರ ವಿಷಯ ಬೇಗ ಮುಗಿಯುತ್ತದೆ. ಅವರಿಗೆ ಕೋಣೆಯಿದೆ, ಬಾಗಿಲಿದೆ. ಬಾಗಿಲನ್ನು ತೆರೆದಿಡುವುದೂ ಮುಚ್ಚುವುದೂ ಅವರ ಕೈಯಲ್ಲಿದೆ. ಶಾಖೆಯಲ್ಲಿ ಅಂಥ ಸ್ವಾತಂತ್ರ್ಯವಿರುವುದು ಅವರೊಬ್ಬರಿಗೇ ಎಂಬುದನ್ನು ಗಮನಿಸಿದರೆ ಸಾಕು.

ಗಾದಿಯಿಂದ ಗೂಡಿನವರೆಗೆ

ಮುಂಬಯಿಯ ಹಳೆಯ ಪೇಢಿಗಳಲ್ಲಿ ಬಿಳಿಯ ಗಾದಿ ಹಾಸಿ, ದಿಂಬಿಗೆ ಒರಗಿ ಸೇಠ್ ಕುಳಿತಿರುತ್ತಿದ್ದನು. ಎದುರಿಗೆ ಇಳಿಜಾರು ಮೇಜುಗಳ ಮುಂದೆ ಮುನೀಮರು ಕಾಲು ಮಡಿಚಿ ಕುಳಿತು ಕೆಂಪು ಬಟ್ಟೆಯ ವಹಿಗಳಲ್ಲಿ ಬರೆಯುತ್ತಿದ್ದರು. ಎಲ್ಲರೂ ಎಲ್ಲರಿಗೂ ಕಾಣಿಸುತ್ತಿದ್ದರು. ಅದು ಒಂದು ಬಗೆಯ ತೆರೆದ ಕಚೇರಿಯೇ ಸರಿ. ಆದರೆ ಅಲ್ಲಿದ್ದವರು ಏಳೆಂಟು ಮಂದಿ, ಒಬ್ಬರ ಸ್ವಭಾವ ಇನ್ನೊಬ್ಬರಿಗೆ ಬಲ್ಲದು.

ಪಾಶ್ಚಾತ್ಯ ದೇಶಗಳಲ್ಲಿ ಕಚೇರಿ ದೊಡ್ಡದಾದಂತೆ ಅದನ್ನು ಕಾರ್ಖಾನೆಯ ಮಾದರಿಯಲ್ಲಿ ಕಟ್ಟಲಾಯಿತು. ಅಮೆರಿಕದ ಬಫಲೋ ನಗರದಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1906ರಲ್ಲಿ ಮುಗಿಸಿದ ಲಾರ್ಕಿನ್ ಕಟ್ಟಡದಲ್ಲಿ ಕುರ್ಚಿಗಳನ್ನು ಮೇಜಿಗೇ ಜೋಡಿಸಲಾಗಿತ್ತು. ಕುಳಿತವನು ಹೇಗೆ, ಎಷ್ಟು ಸರಿಯಬಹುದು ಎಂಬುದೂ ಶಿಲ್ಪಿಯ ನಿರ್ಧಾರವೇ! ಅದೇ ಶಿಲ್ಪಿ 1939ರಲ್ಲಿ ಜಾನ್ಸನ್ ವ್ಯಾಕ್ಸ್ ಕಂಪೆನಿಗಾಗಿ ರಚಿಸಿದ ಕಚೇರಿಯು ಸೌಂದರ್ಯಕ್ಕೆ ಜಗತ್ಪ್ರಸಿದ್ಧವಾದುದು. ಅಲ್ಲಿಯ ಕುರ್ಚಿಗಳಿಗೆ ಮೂರೇ ಕಾಲು. ಸರಿಯಾಗಿ ಕುಳಿತುಕೊಳ್ಳದವನು ಕುರ್ಚಿಸಮೇತ ಉರುಳುತ್ತಿದ್ದನು. ಕೊನೆಗೆ ನಾಲ್ಕನೆಯ ಕಾಲನ್ನು ಜೋಡಿಸಬೇಕಾಯಿತು. ಕುರ್ಚಿಗೆ ತಕ್ಕಂತೆ ಮನುಷ್ಯನನ್ನು ತಿದ್ದಹೊರಟವರಿಗೆಲ್ಲ ಈ ನಾಲ್ಕನೆಯ ಕಾಲು ನೆನಪಿರಬೇಕು.

1950ರ ದಶಕದ ಕೊನೆಯಲ್ಲಿ ಜರ್ಮನಿಯ ಶ್ನೆಲ್ಲೆ ಸಹೋದರರು ಗೋಡೆಗಳನ್ನೂ ಸಾಲುಗಳನ್ನೂ ತೆಗೆದು, ಗಿಡಗಳ ನಡುವೆ ಮೇಜುಗಳನ್ನು ಹರಡಿದ ಕಚೇರಿಯನ್ನು ಪ್ರಚಾರಕ್ಕೆ ತಂದರು. ಅಮೆರಿಕದ ರಾಬರ್ಟ್ ಪ್ರಾಪ್‌ಸ್ಟ್ 1968ರಲ್ಲಿ ಎತ್ತರ, ಅಗಲ, ಕೋನಗಳನ್ನು ಕೆಲಸಗಾರನೇ ಬದಲಾಯಿಸಿಕೊಳ್ಳಬಹುದಾದ ಬಿಡಿ ತಡಿಕೆಗಳನ್ನು ರೂಪಿಸಿದನು. ಉದ್ದೇಶ ಘನವಾದುದು. ಆದರೆ ಕಂಪೆನಿಗಳು ಆ ತಡಿಕೆಗಳನ್ನೇ ಕೊಂಡು, ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ತುಂಬುವ ಚೌಕಾಕಾರದ ಗೂಡುಗಳನ್ನು ಮಾಡಿಕೊಂಡವು. ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಮಾಯವಾಗಿ ತಡಿಕೆ ಮಾತ್ರ ಉಳಿಯಿತು. ಪ್ರಾಪ್‌ಸ್ಟ್ ತನ್ನ ಕೊನೆಯ ವರ್ಷಗಳಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ನಂತರ ಗೂಡುಗಳನ್ನು ಕಿತ್ತು ಮತ್ತೆ ಉದ್ದನೆಯ ತೆರೆದ ಮೇಜುಗಳನ್ನು ತಂದರು. ಅದರಿಂದ ಜನರು ಪರಸ್ಪರ ಹೆಚ್ಚು ಮಾತನಾಡುತ್ತಾರೆ ಎಂಬುದು ಅವರ ವಾದ. ಹಾರ್ವರ್ಡಿನ ಬರ್ನ್‌ಸ್ಟೈನ್ ಮತ್ತು ಟರ್ಬನ್ ಎಂಬವರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ತೋರಿಸಿತು. ಎರಡು ದೊಡ್ಡ ಕಂಪೆನಿಗಳಲ್ಲಿ ಗೋಡೆ ತೆಗೆದ ಮೇಲೆ ಮುಖಾಮುಖಿ ಮಾತುಕತೆ ಸುಮಾರು ಶೇಕಡಾ 70ರಷ್ಟು ಇಳಿದು, ಗಣಕಯಂತ್ರದ ಮೂಲಕ ಸಂದೇಶ ಕಳಿಸುವುದು ಹೆಚ್ಚಾಗಿತ್ತು. ಗೋಡೆಯಿಲ್ಲದವನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ತನ್ನದೇ ಗೋಡೆ ಕಟ್ಟಿಕೊಳ್ಳುತ್ತಾನೆ.

ಸ್ವಭಾವವೋ, ಹಿಡಿತವೋ?

ಮನುಷ್ಯರ ಪ್ರಕೃತಿ ಭೇದವು ಭಾರತೀಯರಿಗೆ ಹೊಸ ವಿಷಯವಲ್ಲ. ಸಾಂಖ್ಯರು ಸತ್ತ್ವ, ರಜಸ್ಸು, ತಮಸ್ಸುಗಳೆಂದೂ ಆಯುರ್ವೇದದವರು ವಾತ, ಪಿತ್ತ, ಕಫ ಪ್ರಕೃತಿಗಳೆಂದೂ ವಿಂಗಡಿಸಿದರು. ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಬಳಕೆಗೆ ಬಂದವು. ಇದರಿಂದ ಉತ್ತೇಜಿತರಾದ ಕೆಲವರು ನೌಕರರಿಗೆ ಪ್ರಶ್ನಪತ್ರಿಕೆ ಕೊಟ್ಟು, ಉತ್ತರವನ್ನು ನೋಡಿ, ಇಂಥವನಿಗೆ ಇಂಥ ಮೂಲೆ ಎಂದು ಹಂಚಿಬಿಡಬಹುದೆಂದು ಭಾವಿಸುತ್ತಾರೆ. ಇದು ಅಪಾಯಕರ. ಒಮ್ಮೆ ಅಂತರ್ಮುಖಿಯೆಂಬ ಚೀಟಿ ಅಂಟಿದವನು ಬಡ್ತಿಯ ಸಮಯದಲ್ಲಿಯೂ ಮೂಲೆಯಲ್ಲೇ ಉಳಿಯುತ್ತಾನೆ. ಅಲ್ಲದೆ ಮನುಷ್ಯನು ದಿನವಿಡೀ ಒಂದೇ ರೀತಿ ಇರುವುದಿಲ್ಲ. ಬೆಳಿಗ್ಗೆ ಹರಟುವವನೇ ಸಂಜೆ ಲೆಕ್ಕ ತಾಳೆ ನೋಡುವಾಗ ಮೌನವನ್ನು ಬಯಸುತ್ತಾನೆ. ಬ್ಯಾಂಕಿನಲ್ಲಂತೂ ಒಬ್ಬನನ್ನು ಒಂದೇ ಮೇಜಿನಲ್ಲಿ ಬಹುಕಾಲ ಇರಿಸುವಂತಿಲ್ಲ. ವಂಚನೆಯನ್ನು ತಡೆಯಲು ಕೆಲಸಗಳನ್ನು ಆಗಾಗ ಬದಲಾಯಿಸಲೇಬೇಕು.

ಹಾಗಾದರೆ ದಾರಿಯೇನು? ಅಮೆರಿಕದ ಗ್ಲಾಸ್ ಮತ್ತು ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಗ್ರಂಥರೂಪದಲ್ಲಿ ತಂದ ಪ್ರಯೋಗಗಳು ಇಲ್ಲಿ ಬೆಳಕು ನೀಡುತ್ತವೆ. ಅವರು ಕೆಲವರಿಗೆ ಕರ್ಕಶವಾದ ಗದ್ದಲದ ನಡುವೆ ಕೆಲಸ ಕೊಟ್ಟರು. ಅವರಲ್ಲಿ ಒಂದು ಗುಂಪಿನವರ ಮುಂದೆ ಗುಂಡಿಯೊಂದನ್ನಿಟ್ಟು, ಅಗತ್ಯವಾದರೆ ಅದನ್ನು ಒತ್ತಿ ಗದ್ದಲವನ್ನು ನಿಲ್ಲಿಸಬಹುದು, ಒತ್ತದಿದ್ದರೆ ಒಳ್ಳೆಯದು ಎಂದರು. ಹೆಚ್ಚಿನವರು ಅದನ್ನು ಮುಟ್ಟಲೇ ಇಲ್ಲ. ಎರಡು ಗುಂಪಿನವರೂ ಕೇಳಿದ ಗದ್ದಲ ಒಂದೇ. ಆದರೆ ಆಮೇಲೆ ಕೊಟ್ಟ ಕೆಲಸಗಳಲ್ಲಿ ಗುಂಡಿಯಿದ್ದವರು ಹೆಚ್ಚು ತಾಳ್ಮೆ ತೋರಿಸಿದರು, ಅಚ್ಚಿನ ಕರಡಿನಲ್ಲಿ ಕಡಿಮೆ ತಪ್ಪುಗಳನ್ನು ಉಳಿಸಿದರು. ದೇಹವನ್ನು ಸೋಲಿಸುವುದು ಬರಿಯ ಗದ್ದಲವಲ್ಲ, ಅದರ ಮುಂದೆ ತಾನು ಅಸಹಾಯಕನೆಂಬ ಭಾವನೆಯೂ ಹೌದು ಎಂಬುದು ಇದರಿಂದ ತಿಳಿಯುತ್ತದೆ. ಮ್ಯಾನೇಜರರ ಕೋಣೆಯ ಬಾಗಿಲು ಇಂಥದೊಂದು ಗುಂಡಿಯೇ.

ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ನೈಟ್ ಮತ್ತು ಹ್ಯಾಸ್ಲಮ್ ಎಂಬವರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೋಳು ಕೋಣೆಯಲ್ಲಿ ಕೆಲಸ ಮಾಡಿದವರಿಗಿಂತ ತಮ್ಮ ಕೋಣೆಯ ಗಿಡ, ಚಿತ್ರಗಳನ್ನು ತಾವೇ ಜೋಡಿಸಿಕೊಂಡವರು ಸುಮಾರು ಶೇಕಡಾ 30ರಷ್ಟು ಹೆಚ್ಚು ಕೆಲಸ ಮಾಡಿದರು. ಕುತೂಹಲದ ಸಂಗತಿ ಇನ್ನೊಂದಿದೆ. ಜೋಡಿಸಿಕೊಂಡದ್ದನ್ನು ಮೇಲಿನವನು ಬಂದು ಅವರ ಕಣ್ಣೆದುರೇ ಬದಲಾಯಿಸಿಬಿಟ್ಟಾಗ ಆ ಲಾಭವೆಲ್ಲ ಅಳಿದುಹೋಯಿತು. ಕೇಳಿದಂತೆ ನಟಿಸಿ ನಂತರ ತಮ್ಮ ಇಚ್ಛೆಯಂತೆ ಮಾಡುವ ಮೇಲಧಿಕಾರಿಗಳು ಇದನ್ನು ಮನಗಾಣಬೇಕು.

ಆದುದರಿಂದ ಪ್ರತಿಯೊಂದು ಸ್ವಭಾವಕ್ಕೆ ಪ್ರತ್ಯೇಕ ಕೋಣೆ ಬೇಕಾಗಿಲ್ಲ. ಸಯನ್ನಿನ ಬಾಡಿಗೆಯಲ್ಲಿ ಅದು ಸಾಧ್ಯವೂ ಇಲ್ಲ. ತನ್ನ ಬೆಳಕು, ಆಸನ, ಸದ್ದು, ಇವುಗಳ ಮೇಲೆ ಪ್ರತಿಯೊಬ್ಬನಿಗೂ ಒಂದಿಷ್ಟು ಹಿಡಿತ ದೊರೆತರೆ ಭಿನ್ನ ಸ್ವಭಾವದವರು ಒಂದೇ ಸೂರಿನಡಿ ಸಹಿಸಿಕೊಂಡು ಬಾಳಬಲ್ಲರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಬ್ಯಾಂಕುಗಳು ತೆರೆದಿದ್ದವು. ಇತರ ಅನೇಕ ಕಚೇರಿಗಳು ಮನೆಗೆ ಬಂದವು. ಮುನ್ನೂರು ಚದರ ಅಡಿಯ ಮನೆಯಲ್ಲಿ ಅಡುಗೆಕಟ್ಟೆಯ ಮೇಲೆ ಕುಳಿತೂ ಕೆಲವರು ನೆಮ್ಮದಿಯಿಂದ ದುಡಿದರು. ಮತ್ತೆ ಕೆಲವರು ಸಹೋದ್ಯೋಗಿಗಳ ಮುಖ ಕಾಣದೆ ಕುಗ್ಗಿದರು. ಕಾಯಿಲೆ ಒಂದೇ ಇದ್ದರೂ ಪಥ್ಯ ಬೇರೆಬೇರೆ ಎಂಬುದನ್ನು ಆ ವರ್ಷ ಎಲ್ಲರೂ ಕಂಡರು.

ಇರುವ ಜಾಗದಲ್ಲಿ ಆಗಬಹುದಾದದ್ದು

ಮೊದಲು ದೇಹ. ಆಸನದ ಎತ್ತರವನ್ನು ಏರಿಸಿ ಇಳಿಸುವಂತಿರಬೇಕು. ಪಾದಗಳು ನೆಲಕ್ಕೆ ಪೂರ್ಣವಾಗಿ ತಾಗಬೇಕು. ತಾಗದ ಗಿಡ್ಡನೆಯವರಿಗೆ ಕಾಲಿನ ಕೆಳಗೆ ಮರದ ಮಣೆಯೊಂದು ಸಾಕು. ಮೊಣಕೈ ಮೇಜಿನ ಮಟ್ಟಕ್ಕಿರಲಿ. ಗಣಕಯಂತ್ರದ ಪರದೆ ಒಂದು ತೋಳಿನ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಲಿ. ಕಿಟಕಿಯು ಪರದೆಯ ಹಿಂದೆಯೂ ಬೇಡ, ಎದುರೂ ಬೇಡ, ಪಕ್ಕದಲ್ಲಿರಲಿ. ಬರೆಯುವ, ಓದುವ ಕಚೇರಿಗೆ 300ರಿಂದ 500 ಲಕ್ಸ್ ಬೆಳಕು ಸಾಕೆನ್ನುತ್ತಾರೆ. ಆದರೆ ನಲವತ್ತು ದಾಟಿದವನ ಕಣ್ಣಿಗೆ ಬೇಕಾಗುವ ಬೆಳಕು ಇಪ್ಪತ್ತೈದರವನಿಗಿಂತ ಹೆಚ್ಚು. ಇಡೀ ಹಾಲಿನ ದೀಪಗಳನ್ನು ಹೆಚ್ಚಿಸುವ ಬದಲು ಬೇಕಾದವರ ಮೇಜಿಗೆ ಒಂದೊಂದು ಪುಟ್ಟ ದೀಪ ಕೊಟ್ಟರೆ ಖರ್ಚೂ ಕಡಿಮೆ, ಜಗಳವೂ ಕಡಿಮೆ. ಹವಾನಿಯಂತ್ರಣದ ಜಗಳ ಮಾತ್ರ ತೀರುವಂಥದಲ್ಲ. ಯಂತ್ರದ ಗಾಳಿ ನೇರವಾಗಿ ಯಾರ ಕುತ್ತಿಗೆಯ ಮೇಲೂ ಬೀಳದಂತೆ ತಿರುಗಿಸಿ, ಸೆಕೆಯವರನ್ನು ಅದರ ಸಮೀಪಕ್ಕೂ ಚಳಿಯವರನ್ನು ದೂರಕ್ಕೂ ಕೂರಿಸುವುದೇ ಉಪಾಯ.

ಎರಡನೆಯದು ಸದ್ದು. ಪಾಸ್‌ಪುಸ್ತಕದ ಯಂತ್ರ, ಪ್ರಿಂಟರ್, ವಿಚಾರಣೆಯ ಮೇಜು ಇವೆಲ್ಲ ಬಾಗಿಲ ಬಳಿ ಒಂದೆಡೆ ಇರಲಿ. ಜನರೊಡನೆ ಬೆರೆಯಬಲ್ಲವರಿಗೆ ಆ ಸ್ಥಳ ಹಿತವಾಗಿಯೂ ಇರುತ್ತದೆ. ವೋಚರು ಪಾಸು ಮಾಡುವ ಮೇಜು ಒಳಗಿನ ಗೋಡೆಯತ್ತ, ಕಪಾಟುಗಳ ಮರೆಗೆ ಹೋಗಲಿ. ಕಾಗದ ತುಂಬಿದ ಕಪಾಟು ಸದ್ದನ್ನು ತಕ್ಕಮಟ್ಟಿಗೆ ತಡೆಯುತ್ತದೆ; ಹೊಸ ಗೋಡೆಯ ಖರ್ಚಿಲ್ಲ. ಆ ಮೇಜಿನ ಮೇಲೆ ಕೆಂಪು ಬಣ್ಣದ ಒಂದು ಫಲಕವಿದ್ದು, ಅದನ್ನು ನಿಲ್ಲಿಸಿದಾಗ ಹತ್ತು ನಿಮಿಷ ಯಾರೂ ಮಾತನಾಡಿಸಕೂಡದೆಂಬ ನಿಯಮವನ್ನು ಶಾಖೆಯವರೇ ಮಾಡಿಕೊಳ್ಳಬಹುದು. ಗ್ಲಾಸ್ ಮತ್ತು ಸಿಂಗರರ ಗುಂಡಿಗೆ ಇದಕ್ಕಿಂತ ಅಗ್ಗದ ಬದಲಿ ಇಲ್ಲ.

ಮೂರನೆಯದು ಬಾಗಿಲಿರುವ ಒಂದು ಪುಟ್ಟ ಕೋಣೆ. ಎಂಟು ಅಡಿಗೆ ಆರು ಅಡಿಯಾದರೂ ಸಾಕು, ಅಂದರೆ 1,200ರಲ್ಲಿ 48 ಚದರ ಅಡಿ. ಅದು ಯಾರ ಹೆಸರಿನದೂ ಆಗಿರಬಾರದು. ಸಾಲಗಾರನೊಡನೆ ಮಾತನಾಡಲು, ಮಧ್ಯಾಹ್ನ ತಲೆನೋವೆಂದವರು ಹತ್ತು ನಿಮಿಷ ಕಣ್ಣು ಮುಚ್ಚಲು, ಸಂಜೆ ಏಜೆಂಟನು ಕುಳಿತು ಹಣ ಎಣಿಸಲು ಅದೊಂದೇ ಕೋಣೆ ಒದಗುತ್ತದೆ. ವಾಸ್ತುವಿನ ಹೆಸರಿನಲ್ಲಿ ಮ್ಯಾನೇಜರರ ಕುರ್ಚಿಯನ್ನು ತಿರುಗಿಸಲು ಸಾವಿರಾರು ರೂಪಾಯಿ ವೆಚ್ಚ ಮಾಡಿ ಇದ್ದೊಂದು ಕಿಟಕಿಯನ್ನೂ ಮುಚ್ಚಿಬಿಡುವ ಕಚೇರಿಗಳಿವೆ. ಅಂಥಲ್ಲಿ ಈ 48 ಅಡಿಗೆ ಹಣವಿಲ್ಲವೆಂಬ ಮಾತನ್ನು ನಂಬುವುದು ಕಷ್ಟ.

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆ ತೀವ್ರವಾಗಿದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಸಮೀಪದ ಎರಡು ಶಾಖೆಗಳನ್ನು ಒಂದುಗೂಡಿಸಿದಾಗ ಎರಡು ಮನೆಗಳ ಸಂಪ್ರದಾಯ ಒಂದೇ ಹಾಲಿಗೆ ಬರುತ್ತದೆ. ಒಂದು ಶಾಖೆಯವರು ಚಹಾವನ್ನು ಮೇಜಿಗೇ ತರಿಸಿಕೊಂಡು ಕೆಲಸ ಬಿಡದೆ ಕುಡಿಯುವವರು. ಇನ್ನೊಂದರವರು ಎಲ್ಲರೂ ಎದ್ದು ಒಂದೆಡೆ ಸೇರುವವರು. ಬಂದವರಿಗೆ ಉಳಿದ ಮೂಲೆಗಳನ್ನು ಹಂಚಿದರೆ ಅವರು ನಿವೃತ್ತಿಯವರೆಗೂ ಅತಿಥಿಗಳಾಗಿಯೇ ಉಳಿಯುತ್ತಾರೆ. ಇಂಥಲ್ಲಿ ಎರಡೂ ಕಡೆಯವರ ಮೇಜುಗಳನ್ನು ಎಬ್ಬಿಸಿ ಹೊಸದಾಗಿ ಹಂಚುವುದೇ ನ್ಯಾಯ.

ಇದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿದೆ. ಅದರ ಹಿಂದಿನ ಸಂಜೆ, ವ್ಯವಹಾರ ಮುಗಿದ ಮೇಲೆ, ಸಿಬ್ಬಂದಿಯೆಲ್ಲ ಸೇರಿ ನೆಲದ ಮೇಲೆ ಸೀಮೆಸುಣ್ಣದಿಂದ ಮೇಜುಗಳ ಗುರುತು ಹಾಕಿ, ಪ್ರತಿಯೊಬ್ಬನೂ ತನ್ನ ಗುರುತಿನೊಳಗೆ ಕುರ್ಚಿಯಿಟ್ಟು ಕುಳಿತು, ಬಾಗಿಲು ಎಷ್ಟು ಕಾಣುತ್ತದೆ, ಯಾರ ಮಾತು ಎಷ್ಟು ಕೇಳುತ್ತದೆ ಎಂದು ನೋಡಬಹುದು. ಒಪ್ಪಿಗೆಯಾದಂತೆ ಮೇಜುಗಳನ್ನು ಸರಿಸಿ ಒಂದು ತಿಂಗಳು ನಡೆಸಿ, ಆಮೇಲೆ ಬಡಗಿಯನ್ನೂ ವಿದ್ಯುತ್ ಕೆಲಸದವನನ್ನೂ ಕರೆಸಬೇಕು. ನಗದು ಕೌಂಟರು, ತಿಜೋರಿ, ಕ್ಯಾಮೆರಾಗಳನ್ನು ಮಾತ್ರ ಮೇಲಿನ ಕಚೇರಿಯ ಅನುಮತಿಯಿಲ್ಲದೆ ಕದಲಿಸಕೂಡದು. ಏಜೆಂಟನ ಬೆಂಚಿಗೆ ಯಾರ ಅನುಮತಿಯೂ ಬೇಕಾಗಿಲ್ಲ.